ಆಕಾಶದಲ್ಲಿ ಹರಿಯುವ ಕಾಲುವೆ

ಮಗಳು-ಅಳಿಯಂದಿರ ಒತ್ತಾಯಕ್ಕೆ ಕಟ್ಟುಬಿದ್ದು ನಾವು ದಂಪತಿಗಳು 2023ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದೆವು. ಲಂಡನ್ನಿನ ಅರಮನೆಗಳನ್ನು ಕಂಡೆವು, ಮೆಚ್ಚಿದೆವು. ಆದರೆ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವುದು ಲ್ಯಾಂಗೊಲೆನ್ ಕಾಲುವೆಯ ಮೇಲೆ ಕಳೆದ ಒಂದು ದಿನ.

ಚರ್ಕ್ ಊರಿನ ಬಳಿ ಅಳಿಯನ ಸ್ನೇಹಿತರೊಬ್ಬರ ದೋಣಿಯನ್ನೇರಿದೆವು. ಅಗಲ ಏಳು ಅಡಿಯೂ ಇಲ್ಲ. ಉದ್ದ ಮಾತ್ರ ರೈಲು ಡಬ್ಬಿಯಂತೆ. ಒಳಗೆ ಒಲೆ, ಹಾಸಿಗೆ, ಪುಸ್ತಕಗಳ ಗೂಡು ಎಲ್ಲವೂ ಇದ್ದವು. ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ಮಗಳು ತನ್ನ ಬೆಕ್ಕು ಚಿನ್ನಿಯನ್ನೂ ಕರೆತಂದಿದ್ದಳು. ಗಂಟೆಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಲು ಇಲ್ಲಿ ಅನುಮತಿಯಿಲ್ಲ. ದಡದ ಕಾಲುದಾರಿಯಲ್ಲಿ ನಡೆಯುವವರೇ ಕೈಬೀಸಿ ನಮ್ಮನ್ನು ದಾಟಿ ಹೋಗುತ್ತಿದ್ದರು. ಹಿಂದೆ ಕುದುರೆಗಳು ದೋಣಿಗಳನ್ನೆಳೆಯುತ್ತಿದ್ದುದು ಅದೇ ದಾರಿಯಲ್ಲಿ.

1801ರಲ್ಲಿ ಪೂರ್ಣಗೊಂಡ ಚರ್ಕ್ ಮೇಲ್ಗಾಲುವೆ ಕೆರಿಯಾಗ್ ನದಿಯ ಮೇಲಿದೆ. ಅದನ್ನು ದಾಟುತ್ತಲೇ ಇಂಗ್ಲೆಂಡ್ ಮುಗಿದು ವೇಲ್ಸ್ ಆರಂಭವಾಯಿತು. ಅನಂತರ ಸುಮಾರು 420 ಮೀಟರ್ ಉದ್ದದ ಸುರಂಗ. ಎದುರಿನಿಂದ ಹರಿದು ಬರುವ ನೀರು ದೋಣಿಯನ್ನು ತಡೆಯುತ್ತಿತ್ತು. ಈ ನೀರು ಡೀ ನದಿಯದು; ಕೊನೆಗೆ ಜಲಾಶಯವನ್ನು ಸೇರಿ ಮನೆಮನೆಗೆ ಕುಡಿಯುವ ನೀರಾಗುತ್ತದೆ. ಸರಕು ಸಾಗಣೆ ನಿಂತ ಮೇಲೂ ಈ ಕಾಲುವೆ ಉಳಿದುಕೊಂಡದ್ದು ಆ ನೀರಿನ ಪುಣ್ಯದಿಂದ.

ಮಧ್ಯಾಹ್ನ ಪಾಂಟ್ಕಸಲ್ಟೆ ಮೇಲ್ಗಾಲುವೆ ಎದುರಾಯಿತು. ಥಾಮಸ್ ಟೆಲ್ಫೋರ್ಡ್ ಮತ್ತು ವಿಲಿಯಂ ಜೆಸಪ್ ಎಂಬ ಎಂಜಿನಿಯರುಗಳ ಈ ರಚನೆ 1805ರಲ್ಲಿ ಸಂಚಾರಕ್ಕೆ ತೆರೆಯಿತು. ಕಲ್ಲಿನ ಕಂಬಗಳ ಮೇಲೆ ಕಮಾನುಗಳು, ಅವುಗಳ ಮೇಲೆ 307 ಮೀಟರ್ ಉದ್ದದ ಬೀಡು ಕಬ್ಬಿಣದ ತೊಟ್ಟಿ. ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. 2009ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಬದಿಗೆ ಕಾಲುದಾರಿ, ಕಂಬಿಬೇಲಿ. ಇನ್ನೊಂದು ಬದಿಗೆ ನೀರಿನಿಂದ ಗೇಣೆತ್ತರದ ಕಬ್ಬಿಣದ ಅಂಚು. ಅದರಾಚೆ ಬರೀ ಆಕಾಶ!

‘ಅವ್ವಾ, ಮುಂದಿನ ಬಾಗಿಲ ಹಾಕೀಯೇನು?’ ಎಂದಳು ಮಗಳು. ಹಾಕಿರಲಿಲ್ಲ. ನೋಟದ ಆಸೆಗೆ ನಾವೇ ಅದನ್ನು ತೆರೆದಿಟ್ಟಿದ್ದೆವು. ಚಿನ್ನಿ ಆಗಲೇ ದೋಣಿಯ ಮಾಡನ್ನೇರಿ, ಬೇಲಿಯಿಲ್ಲದ ಬದಿಯ ಅಂಚಿನಲ್ಲಿ ಕುಳಿತು ಕಣಿವೆಯನ್ನು ದಿಟ್ಟಿಸುತ್ತಿತ್ತು. ಹಿಂದೆ ಮತ್ತೊಂದು ದೋಣಿ, ತಿರುಗಲು ಜಾಗವಿಲ್ಲ. ಕರೆದರೆ ಎಲ್ಲಿ ಬೆದರಿ ಜಿಗಿಯುವುದೋ ಎಂದು ಮಗಳು ತುಟಿಯ ಮೇಲೆ ಬೆರಳಿಟ್ಟಳು. ಅಳಿಯ ಮಾತಿಲ್ಲದೆ ಚುಕ್ಕಾಣಿ ಹಿಡಿದು, ಒಂದೇ ಹದದಲ್ಲಿ ದೋಣಿ ನಡೆಸಿದ. ಆ ಕೆಲವು ನಿಮಿಷಗಳಲ್ಲಿ ನಮ್ಮ ಕಣ್ಣಿಗೆ ನದಿಯೂ ಕಾಣಲಿಲ್ಲ, ಬೆಟ್ಟವೂ ಕಾಣಲಿಲ್ಲ. ಕಂಡದ್ದು ಆ ನಾಲ್ಕು ಪುಟ್ಟ ಪಾದಗಳು ಮಾತ್ರ.

ಆಚೆ ದಡ ಸೇರಿದಾಗ ಚಿನ್ನಿ ಮೈಮುರಿದು, ತಾನಾಗಿಯೇ ಇಳಿದು ಬಂದು ಮಗಳ ಮಡಿಲು ಸೇರಿತು. ನಮ್ಮನ್ನು ಯಾರೂ ಆಕ್ಷೇಪಿಸಲಿಲ್ಲ. ಅದರಿಂದಲೇ ನಮಗೆ ಹೆಚ್ಚು ನಾಚಿಕೆಯಾಯಿತು. ನಮ್ಮ ಕ್ಷಣದ ಆಸೆಗೆ ಮೂಕಪ್ರಾಣಿಯೊಂದರ ಜೀವ ಬೆಲೆಯಾಗಬಹುದಿತ್ತಲ್ಲವೇ?

ಸಂಜೆ ಮರಳುವಾಗ ಬಾಗಿಲನ್ನು ನಾವೇ ಹಾಕಿ, ಅಗುಳಿಯನ್ನು ಎರಡು ಸಲ ಮುಟ್ಟಿ ನೋಡಿದೆವು. ಚಿನ್ನಿ ಒಳಗೆ ನಮ್ಮ ಶಾಲಿನ ಮೇಲೆ ನಿದ್ರಿಸುತ್ತಿತ್ತು. ಆಗಷ್ಟೇ, ಇಳಿಬಿಸಿಲಿನಲ್ಲಿ ಹೊಳೆಯುತ್ತಿದ್ದ ಆ ಕಣಿವೆಯ ಚೆಲುವನ್ನು ನಾವು ಕಣ್ತುಂಬ ಕಂಡದ್ದು.