ಹಂಚಿನ ಮನೆಯಲ್ಲಿ ಮೊದಲ ಮಂಗಳವಾರ

ಬೆಳಿಗ್ಗೆ ಒಂಬತ್ತೂವರೆ. ತಾಲೂಕು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿರುವ ಹಂಚಿನ ಮನೆ. ಜಗಲಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಮೊನ್ನೆ ಹೊಡೆದ ಸುಣ್ಣದ ವಾಸನೆ ಇನ್ನೂ ಹೋಗಿಲ್ಲ. ನಡುಮನೆಯಲ್ಲಿ ಚಾಪೆ, ಕೇರಂ ಬೋರ್ಡು, ಮೂಲೆಯಲ್ಲಿ ಯಾರೋ ಕೊಟ್ಟ ಹೊಲಿಗೆ ಮಿಷಿನ್ನು. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗಾಗಿ ನಾವು ತೆರೆದ ಹಗಲು ಕೇಂದ್ರದ ಮೊದಲ ದಿನ ಇದು. ಉದ್ಘಾಟನೆ, ಮೈಕು, ಫೋಟೊ ಯಾವುದೂ ಇಲ್ಲ. ಬರುವ ಹುಡುಗ ಹುಡುಗಿಯರಿಗೆ ಅದು ಬೇಡ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಮಾತ್ರೆ ತಗೊಂಡು ಬಸ್ಸಿಗೆ ಕಾಯುವವರು ನಾಲ್ಕು ಹೆಜ್ಜೆ ನಡೆದು ಇಲ್ಲಿಗೂ ಬರಲಿ ಅಂತ ನಾವೂ ಅದೇ ದಿನ ಶುರು ಮಾಡಿದ್ದೇವೆ.

ಅಡುಗೆಮನೆಗೆ ಬನ್ನಿ. ಇಪ್ಪತ್ತೆರಡರ ಹುಡುಗನೊಬ್ಬ ಹುರುಳಿಕಾಯಿ ಹೆಚ್ಚುತ್ತಿದ್ದಾನೆ. ಒಂದೊಂದು ತುಂಡೂ ಅಳೆದಿಟ್ಟ ಹಾಗೆ. ಬೆರಳುಗಳು ಮಾತ್ರ ಸಣ್ಣಗೆ ನಡುಗುತ್ತವೆ. ಆ ನಡುಕ ಮಾತ್ರೆಯದು. ಹೇಳಿದರೆ ವೈದ್ಯರು ಡೋಸು ಬದಲಿಸುತ್ತಾರೆ. ತಿಳಿಸಿ ಹೇಳುವವರಿಲ್ಲದೆ ಎಷ್ಟೋ ಮಂದಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಡಿಪ್ಲೊಮಾ ಓದುವಾಗ ಇವನ ಕಿವಿಯಲ್ಲಿ ಯಾರೋ ಮಾತಾಡತೊಡಗಿದರು. ಮನೆಯವರು ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದರು, ಮದುವೆ ಮಾಡಿದರೆ ಸರಿಹೋಗುತ್ತೆ ಅಂದರು. ಅದು ಸ್ಕಿಜೋಫ್ರೇನಿಯಾ; ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಹದಿಹರೆಯ ಮುಗಿದು ಮೂವತ್ತಾಗುವುದರೊಳಗೆ, ಕೆಲಸ ಹಿಡಿಯುವ ವಯಸ್ಸಿನಲ್ಲಿ. ಈಗ ಆ ದನಿಗಳು ತಗ್ಗಿವೆ. ಆದರೆ ಬೆಳಗಾದರೆ ಎದ್ದು ಹೋಗೋಕೆ ಒಂದು ಜಾಗ ಬೇಡವೇ? ಮಾಡೋಕೆ ಒಂದು ಕೆಲಸ, ಮಾತಿಗೆ ನಾಲ್ಕು ಜನ?

ಅವನ ಅಮ್ಮ ಬಾಗಿಲಲ್ಲೇ ನಿಂತಿದ್ದಾರೆ. "ಚಾಕು ಕೊಟ್ಟಿದ್ದೀರಲ್ಲ ಮೇಡಂ..."

"ಇರಲಿ ಬಿಡಿ ಅಮ್ಮ. ಮಧ್ಯಾಹ್ನದ ಪಲ್ಯ ಅವನದೇ. ನೀವೂ ಊಟ ಮಾಡ್ಕೊಂಡೇ ಹೋಗಬೇಕು."

ಹುಡುಗ ತಲೆಯೆತ್ತುವುದಿಲ್ಲ. ಒಂದು ಕಾಯಿ ಮುಗಿಸಿ ಇನ್ನೊಂದು ಕೈಗೆತ್ತಿಕೊಳ್ಳುತ್ತಾನೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ತೆಂಗಿನಕಾಯಿ ತುರಿಯಲು ಕೂರುತ್ತಾರೆ.

ಈ ಮನೆ ಸಿಗುವುದೇ ಕಷ್ಟವಾಯಿತು. ಮೊದಲು ಬೇರೊಂದು ಮನೆಗೆ ಅಡ್ವಾನ್ಸ್ ತಗೊಂಡವರು ಮರುದಿನ ವಾಪಸ್ ತಂದುಕೊಟ್ಟರು: "ಅಕ್ಕಪಕ್ಕದವರು ಒಪ್ಪಲ್ಲ." ಮಾನಸಿಕ ಕಾಯಿಲೆಯವರಿಗೆ ಸಮಾಜದ ನಡುವೆಯೇ ಬದುಕುವ ಹಕ್ಕಿದೆ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆ ಹಕ್ಕಿಗೆ ಬೀಗದ ಕೈ ಕೊಟ್ಟವರು ಈ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು.

ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಲ್ಲಿ ಯಾರಾದರೂ ಇಂಥ ಕೇಂದ್ರಕ್ಕೆ ಬಾಡಿಗೆ ಮನೆ ಕೇಳಿಕೊಂಡು ಬಂದರೆ, ದಯವಿಟ್ಟು ಇಲ್ಲ ಅನ್ನಬೇಡಿ.