ರೀಲು ತಾನೇ ಹೇಳುತ್ತದೆ

ಸಾಗರದ ಪೇಟೆಯಲ್ಲೊಂದು ಹಳೆಯ ಸ್ಟುಡಿಯೋ. ಹಂಚಿನಿಂದ ಇಳಿಯುವ ಮಳೆನೀರು ಜಗಲಿಯ ಅಂಚಿನವರೆಗೂ ಎರಚುತ್ತಿದೆ. ಮೇಜಿನ ಮೇಲೆ ಒಂದು ಪೆಂಟಾಕ್ಸ್ ಕೆ1000 ಕ್ಯಾಮೆರಾ, ಪಕ್ಕದಲ್ಲಿ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ರೀಲಿನ ಪೊಟ್ಟಣ. ನೀವು ಪೊಟ್ಟಣ ಒಡೆಯಲು ಹೊರಡುತ್ತೀರಿ.

"ಈಗ್ಲೇ ಬೇಡ ಮಾರಾಯ್ರೆ. ಫ್ರಿಜ್ಜಿಂದ ಈಗಷ್ಟೇ ತೆಗ್ದಿದ್ದು," ಎನ್ನುತ್ತಾರೆ ಸ್ಟುಡಿಯೋದ ಯಜಮಾನರು.

ಪೊಟ್ಟಣ ಮುಟ್ಟಿದರೆ ಇನ್ನೂ ತಣ್ಣಗಿದೆ. ಈ ಒದ್ದೆ ಗಾಳಿಗೆ ತೆರೆದರೆ ಫಿಲ್ಮ್‌ನ ಮೇಲೆ ತೇವ ಕೂರುತ್ತದೆ. ಫಿಲ್ಮ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಲೇಪ, ಆ ಲೇಪದೊಳಗೆ ಬೆಳ್ಳಿಯ ಲವಣದ ಕಣಗಳು. ನೀರು ಸೋಕಿದರೆ ಜೆಲಟಿನ್ ಉಬ್ಬುತ್ತದೆ, ಸುತ್ತಿನ ಮೇಲೆ ಸುತ್ತು ಅಂಟಿಕೊಳ್ಳುತ್ತದೆ, ಕಲೆ ಉಳಿಯುತ್ತದೆ. ಆದ್ದರಿಂದ ಡಬ್ಬಿಯ ಮುಚ್ಚಳ ತೆಗೆಯದೆ ಒಂದೆರಡು ಗಂಟೆ ಹೊರಗಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ತಾಳ್ಮೆಗೆ ರಿಯಾಯಿತಿ ಇಲ್ಲ.

ಅಷ್ಟರಲ್ಲಿ ಪೊಟ್ಟಣ ಓದಿ. 400 ಎಂದಿರುವುದು ಫಿಲ್ಮ್ ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಎನ್ನುವ ಅಳತೆ. 36 ಎಂದರೆ ಅಷ್ಟು ಚಿತ್ರ. ಬದಿಯಲ್ಲಿ ಅವಧಿ ಮುಗಿಯುವ ತಿಂಗಳು, ವರ್ಷ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ 'ಇಂದು' ಹೆಸರಿನ ರೀಲು ಬರುತ್ತಿದ್ದ ಕಾಲವೊಂದಿತ್ತು. ಆ ಕಾರ್ಖಾನೆ ಮುಚ್ಚಿಹೋಯಿತು. ನಿಮ್ಮ ಮುಂದಿರುವ ಈ ರೀಲು ಇಂಗ್ಲೆಂಡಿನಲ್ಲಿ ತಯಾರಾದದ್ದು. ಅಷ್ಟು ದೂರದಿಂದ, ಅಷ್ಟು ಬೆಲೆ ತೆತ್ತು ತರಿಸಿದ ಮಾಲನ್ನು ದಿನಾಂಕ ನೋಡದೆ ಕೊಳ್ಳಬಾರದು. ವಿಮಾನದಲ್ಲಿ ಹೋಗುವಾಗ ರೀಲು ಯಾವತ್ತೂ ಕೈಚೀಲದಲ್ಲೇ ಇರಲಿ. ದೊಡ್ಡ ಲಗೇಜನ್ನು ತಪಾಸಣೆ ಮಾಡುವ ಎಕ್ಸ್-ರೇ ಯಂತ್ರ ಫಿಲ್ಮ್ ಮೇಲೆ ಮಸುಕು ಕವಿಸಿಬಿಡುತ್ತದೆ.

ಪೊಟ್ಟಣದ ತಂಪು ಇಳಿದಿದೆ. ಈಗ ತೆರೆಯಿರಿ. ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗಿಂದ ಹೆಬ್ಬೆರಳು ಗಾತ್ರದ ಲೋಹದ ಕ್ಯಾಸೆಟ್ ಅಂಗೈಗೆ ಜಾರುತ್ತದೆ. 1934ರಲ್ಲಿ ಕೊಡಕ್ ಕಂಪನಿ ಮಾರುಕಟ್ಟೆಗೆ ತಂದ ವಿನ್ಯಾಸ ಇದು, ಮೂಲರೂಪ ಇಂದಿಗೂ ಅದೇ. ಸೀಳಿನಿಂದ ಫಿಲ್ಮ್‌ನ ಮೂತಿ ಹೊರಗೆ ಇಣುಕುತ್ತಿದೆ. ಸೀಳಿನ ಎರಡೂ ತುಟಿಗೆ ಕಪ್ಪು ಮಖಮಲ್ಲು. ಒಳಗೆ ಬೆಳಕು ಹೋಗದಂತೆ ತಡೆಯುವುದು ಅದೊಂದೇ. ಅಲ್ಲಿ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಫಿಲ್ಮ್‌ನ ಉದ್ದಕ್ಕೂ ಗೀರು ಬೀಳುತ್ತದೆ. ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಊದಿ. ಮೂತಿಯನ್ನು ಮಾತ್ರ ಎಳೆದು ನೋಡಬೇಡಿ, ಎಳೆದಷ್ಟೂ ಬೆಳಕಿನ ಪಾಲು.

ರಿವೈಂಡ್ ಗುಂಡಿ ಮೇಲಕ್ಕೆತ್ತಿದರೆ ಹಿಂಬಾಗಿಲು ತೆರೆದುಕೊಳ್ಳುತ್ತದೆ. ನಡುವೆ ಕಾಣುವ ಬಟ್ಟೆಯ ಪರದೆಯೇ ಶಟರ್, ಅದಕ್ಕೆ ಬೆರಳು ತಾಗಬಾರದು. ಕ್ಯಾಸೆಟ್ ಎಡಗಡೆಯ ಗೂಡಿಗೆ. ಮೂತಿಯನ್ನು ಬಲಕ್ಕೆ ಎಳೆದು ಸುರುಳಿಯ ಸೀಳಿಗೆ ಸಿಕ್ಕಿಸಿ. ಮಂಕು ಮೈ ಲೆನ್ಸಿನ ಕಡೆಗೆ, ಹೊಳೆಯುವ ಮೈ ನಿಮ್ಮ ಕಡೆಗೆ. ಫಿಲ್ಮ್ ಮುಂದೆ ಸಾಗಿಸುವ ಸನ್ನೆಯನ್ನು ಒಮ್ಮೆ ನಿಧಾನಕ್ಕೆ ಎಳೆದರೆ ಹಲ್ಲುಗಳು ಫಿಲ್ಮ್‌ನ ಮೇಲಂಚು ಕೆಳಂಚು ಎರಡರ ತೂತಿಗೂ ಕೂರಬೇಕು. ಎರಡೂ ಕಡೆ ಕೂತದ್ದು ಕಣ್ಣಿಗೆ ಕಂಡ ಮೇಲೆಯೇ ಬಾಗಿಲು ಮುಚ್ಚಿ.

"ಈಗ ಕಣ್ಣು ಎಲ್ಲಿರ್ಬೇಕು ಹೇಳಿ?"

ನೀವು ಬಲಗಡೆಯಲ್ಲಿ ಚಿತ್ರ ಎಣಿಸುವ ಅಂಕಿ ತೋರಿಸುತ್ತೀರಿ. ಅವರು ತಲೆಯಾಡಿಸಿ, ನಿಮ್ಮ ಬೆರಳು ಹಿಡಿದು ಎಡಗಡೆಯ ರಿವೈಂಡ್ ಗುಂಡಿಯ ಮೇಲಿಡುತ್ತಾರೆ.

"ಇದ್ರ ಮೇಲೆ."

ಇಡೀ ವಿದ್ಯೆಯಲ್ಲಿ ಒಂದೇ ಒಂದು ಸಂಗತಿ ಕಲಿಯುವುದಿದ್ದರೆ ಇದನ್ನು ಕಲಿಯಿರಿ. ಅಂಕಿ ಓಡುವುದು ಸನ್ನೆಯ ಜೊತೆ, ಫಿಲ್ಮ್‌ನ ಜೊತೆ ಅಲ್ಲ. ಮೂತಿ ಸುರುಳಿಯಿಂದ ಜಾರಿಹೋಗಿದ್ದರೂ ಅದು ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಇರುತ್ತದೆ. ಗುಂಡಿ ಹಾಗಲ್ಲ, ಅದರ ಕಡ್ಡಿ ಕ್ಯಾಸೆಟ್ಟಿನ ಹೊಟ್ಟೆಗೇ ಸಿಕ್ಕಿಕೊಂಡಿದೆ. ಮೊದಲು ಅದರ ಮಡಿಸುವ ಹಿಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ, ಒಳಗಿನ ಸಡಿಲು ಬಿಗಿಯಾಗಿ ಬೆರಳಿಗೆ ತಡೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಸನ್ನೆ ಎಳೆಯಿರಿ. ಗುಂಡಿ ತಾನಾಗಿ ಹಿಂದಕ್ಕೆ ತಿರುಗಿತು! ಕ್ಲಿಕ್ ಮಾಡಿ ಇನ್ನೊಮ್ಮೆ ಎಳೆಯಿರಿ, ಮತ್ತೆ ತಿರುಗಿತು. ಫಿಲ್ಮ್ ನಿಜಕ್ಕೂ ಸಾಗುತ್ತಿದೆ. ಬೆಳಕು ತಿಂದ ಮೂತಿಯೂ ಹೀಗೆಯೇ ದಾಟಿಹೋಗುತ್ತದೆ. ಧಾರೆ ಮುಹೂರ್ತ ಫೋಟೋದವರಿಗಾಗಿ ಇನ್ನೊಮ್ಮೆ ಬರುವುದಿಲ್ಲ. ಮದುವೆಮನೆಯಲ್ಲಿ ದುಡಿದ ಕೈ ಈ ಗುಂಡಿಯನ್ನು ನೋಡದೆ ಮುಂದೆ ಹೋಗುವುದಿಲ್ಲ.

ಈ ಕ್ಯಾಮೆರಾ ಕ್ಯಾಸೆಟ್ಟಿನ ಮೇಲಿನ 400 ಅನ್ನು ತಾನಾಗಿ ಓದುವುದಿಲ್ಲ. ಶಟರ್ ವೇಗದ ಚಕ್ರದ ಹೊರ ಬಳೆಯನ್ನು ಎತ್ತಿ ತಿರುಗಿಸಿ, 400ಕ್ಕೆ ನಿಲ್ಲಿಸಿ.

ಮಳೆ ಬಿಟ್ಟಿದೆ. ಇಕ್ಕೇರಿಗೆ ಹೋಗಿ ಅಘೋರೇಶ್ವರನ ಗುಡಿ, ಎದುರಿನ ನಂದಿಮಂಟಪ, ಒದ್ದೆ ಕಲ್ಲಿನ ಮೇಲೆ ಬಿದ್ದ ಹೂಬಿಸಿಲು ಎಲ್ಲವನ್ನೂ ತೆಗೆಯುತ್ತೀರಿ. ಮೂವತ್ತಾರರ ಆಸುಪಾಸಿನಲ್ಲಿ ಸನ್ನೆ ಅರ್ಧಕ್ಕೆ ನಿಲ್ಲುತ್ತದೆ. ಬಲ ಹಾಕಬೇಡಿ, ತೂತುಗಳು ಹರಿಯುತ್ತವೆ. ಕ್ಯಾಮೆರಾದ ತಳದಲ್ಲಿರುವ ಪುಟ್ಟ ಗುಂಡಿ ಒತ್ತಿ, ಹಿಡಿಯನ್ನು ಬಾಣದ ದಿಕ್ಕಿಗೆ ಸುತ್ತುತ್ತಾ ಹೋಗಿ. ಒಂದೂವರೆ ಮೀಟರಿಗೂ ಉದ್ದದ ಪಟ್ಟಿ ಕ್ಯಾಸೆಟ್ಟಿನೊಳಕ್ಕೆ ಮರಳಬೇಕು. ಕೊನೆಗೆ ಒಂದು ಸಣ್ಣ ಜಗ್ಗು, ಆಮೇಲೆ ಕೈ ಹಗುರ. ಅಲ್ಲಿಯವರೆಗೆ ಬಾಗಿಲು ತೆರೆಯುವಂತಿಲ್ಲ.

ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ ಯಜಮಾನರು ತೋಳುಳ್ಳ ಕಪ್ಪು ಚೀಲದೊಳಗೆ ಕೈತೂರಿಸಿ, ಕಣ್ಣುಮುಚ್ಚಿ, ಫಿಲ್ಮನ್ನು ತೊಳೆಯುವ ಡಬ್ಬಿಯ ಸುರುಳಿಗೆ ಏರಿಸುತ್ತಾರೆ. ಕೈ ಬೆವರಿದ್ದರೆ ಇಲ್ಲೇ ಅಂಟಿ ನಿಲ್ಲುತ್ತದೆ, ಅದಕ್ಕೇ ಮೊದಲು ಕೈತೊಳೆದು ಚೆನ್ನಾಗಿ ಒರೆಸಿಕೊಂಡರು. ಚಿತ್ರ ಮೂಡಿಸುವ ದ್ರಾವಣದಲ್ಲಿ ತೊಳೆಯುವ ಕೆಲಸ ಮುಗಿದು, ಒಣಗಲು ತೂಗುಹಾಕಿದ್ದ ಪಟ್ಟಿ ಈಗ ನಿಮ್ಮ ಕೈಗೆ ಬರುತ್ತದೆ.

ಅಂಚನ್ನು ಮಾತ್ರ ಹಿಡಿಯಿರಿ. ಬಿಳಿ ಪರದೆಯ ಮೊಬೈಲನ್ನು ಹಿಂದಿಟ್ಟುಕೊಂಡರೆ ಸಾಕು. ನಂದಿಯ ನೆತ್ತಿಯನ್ನು ಹುಡುಕಬೇಡಿ. ಮೊದಲು ತೂತುಗಳ ಸಾಲಿನ ಪಕ್ಕ ನೋಡಿ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಅಕ್ಷರ, ಒಂದರಿಂದ ಸಾಲಾಗಿ ಅಂಕಿಗಳು. ಇವು ಶಾಯಿಯಲ್ಲಿ ಅಚ್ಚಾದವಲ್ಲ. ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದವು. ನಿಮ್ಮ ಚಿತ್ರಗಳ ಜೊತೆ ಅದೇ ದ್ರಾವಣದಲ್ಲಿ ಮೂಡಿದವು. ಹಾಗಾಗಿ ಸಾಕ್ಷಿ ಹೇಳುವುದು ಇವೇ. ಅಂಕಿ ಕಪ್ಪಗೆ ಮೂಡಿ ಚೌಕಗಳು ಖಾಲಿ ಇದ್ದರೆ ತೊಳೆದವರ ತಪ್ಪಲ್ಲ, ಫಿಲ್ಮ್‌ಗೆ ಬೆಳಕೇ ತಲುಪಿಲ್ಲ. ಬಹುಪಾಲು ಮೂತಿ ಜಾರಿದ ಕೇಸು. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ ಎಂದಾದರೆ ದ್ರಾವಣದಲ್ಲಿ ಎಡವಟ್ಟಾಗಿದೆ. ಅಂಕಿ ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳ್ಳಗಿದ್ದರೆ ನೀವು ಬೆಳಕು ಕಡಿಮೆ ಕೊಟ್ಟಿದ್ದೀರಿ. ನೆಗೆಟಿವ್ ಹಾಳಾದಾಗ ಲ್ಯಾಬಿನವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಎಲ್ಲರೂ ಈ ಅಂಚನ್ನು ಓದಿದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ನಿಮ್ಮ ಅಂಕಿ, ಚಿತ್ರ ಎರಡೂ ಗಟ್ಟಿಯಾಗಿವೆ. ಆದರೆ ಬಿಸಿಲು ಬಂದ ಹೊತ್ತಿನ ಕೆಲವು ಚೌಕಗಳಲ್ಲಿ ಒಂದೇ ಜಾಗದಲ್ಲಿ ಕಪ್ಪು ಪಟ್ಟೆ.

"ಲೈಟ್ ಹೊಡ್ದಿದೆ. ಎಲ್ಲಿಂದ ಅಂತ ನೀವೇ ಹೇಳಿ ನೋಡುವ."

ಪಟ್ಟೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತೀರಿ. ಅದು 24 ಮಿಲಿಮೀಟರ್ ಎತ್ತರ, 36 ಅಗಲದ ಚೌಕದೊಳಗೆ ನಿಂತಿಲ್ಲ, ಗಡಿ ದಾಟಿ ತೂತುಗಳವರೆಗೂ ಹರಡಿದೆ. ಲೆನ್ಸಿನಿಂದ ಬಂದ ಬೆಳಕು ಚೌಕದ ಆಚೆ ಬೀಳಲಾರದು. ಅಂದರೆ ಬಾಗಿಲಿನ ಸಂದಿಯಿಂದ.

ಯಜಮಾನರು ಖಾಲಿ ಕ್ಯಾಮೆರಾದ ಹಿಂಬಾಗಿಲು ತೆರೆದು ಕೀಲಿನ ಬದಿಗೆ ಬೆರಳೊತ್ತುತ್ತಾರೆ. ಬೆಳಕು ತಡೆಯಲು ಹಾಕಿದ್ದ ಫೋಮು ಹಲಸಿನ ಮೇಣದಂತೆ ಕರಗಿ ಬೆರಳಿಗೆ ಮೆತ್ತುತ್ತದೆ. ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ನಿಮ್ಮ ಕೈಗೆ ಕೊಡುತ್ತಾರೆ. ಶಟರ್ ಪರದೆಯ ಕಡೆ ಒಂದು ಚೂರೂ ಸಿಡಿಯದಂತೆ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಕಪ್ಪು ಮಖಮಲ್ಲಿನ ಪಟ್ಟಿಯನ್ನು ಅವರು ಆಗಲೇ ಅಳತೆಗೆ ಕತ್ತರಿಸುತ್ತಿದ್ದಾರೆ.