ಪಗಾರದಲ್ಲಿ ಮುರಿದ ಹಣ

ಗೋಕಾಕದ ಕರದಂಟು ಬೇಗನೆ ಕೆಡುವ ವಸ್ತುವಲ್ಲ. ಅದರಿಂದಲೇ ಪರದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಅದಕ್ಕೆ ಮೊದಲ ಸ್ಥಾನ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಒಂದು ಮನೆಗೆ ದಸರೆಯಲ್ಲಿ ಬಂದ ಡಬ್ಬಿ, ಸಂಕ್ರಾಂತಿ ಕಳೆದರೂ ಮುಚ್ಚಳ ತೆರೆಯದೆ ಕುಳಿತಿತ್ತು. ಆ ಮನೆಯ ಗೃಹಿಣಿ ಮೂಡಲಗಿಯ ಮಗಳು, ಗೋಕಾಕದ ಸೊಸೆ; ಒಂದು ಕಾಲಕ್ಕೆ ಇದೇ ಕರದಂಟಿಗಾಗಿ ತಮ್ಮನೊಡನೆ ಜಗಳವಾಡಿದವಳು.

ಜ್ವರವಿಲ್ಲ, ಕೆಮ್ಮಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಏಳುವ ಮನಸ್ಸಿಲ್ಲ. ಅಲ್ಲಿಯ ಚಳಿಗಾಲದಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು. ಗಂಡ ಕಾರ್ಖಾನೆಯಿಂದ ಬರುವ ವೇಳೆಗೆ ದೀಪವನ್ನೂ ಹಚ್ಚದೆ ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಊರಿನಿಂದ ಫೋನು ಬಂದರೆ ಮಾತ್ರ, “ಆರಾಮ ಅದೀನ್ರಿ ಅತ್ತಿ” ಎಂಬ ಒಂದೇ ಉತ್ತರ. ಕೊನೆಗೆ ವೈದ್ಯರು ರಕ್ತ ಪರೀಕ್ಷಿಸಿ, ಇದು ಮನಸ್ಸಿನ ಬೇನೆ, ಮನಶ್ಚಿಕಿತ್ಸಕರನ್ನು ಕಾಣಿರಿ ಎಂದರು. ಕೈಯಿಂದ ಕೊಡುವುದಾದರೆ ಒಂದು ತಾಸಿಗೆ ನೂರು ಯೂರೊ ಮೀರುತ್ತದೆಂದು ಕೇಳಿ ಆಕೆ ಬೆಚ್ಚಿದಳು.

“ಮಾತಾಡಾಕ ಇಷ್ಟು ರೊಕ್ಕಾ? ಮೂಡಲಗ್ಯಾಗ ಕಟ್ಟಿ ಮ್ಯಾಲೆ ಪುಕ್ಕಟೆ ಮಾತಾಡ್ತಾರ!”

ಮಾತು ನಗೆಯದೇ. ಆದರೆ ತಿಂಗಳುಗಳ ನಂತರ ಅವಳ ಬಾಯಿಂದ ಬಂದ ಮೊದಲ ವಿನೋದವೆಂದು ಗಂಡನಿಗೆ ಕಣ್ಣು ತುಂಬಿತು.

ಹುಕ್ಕೇರಿಯಲ್ಲಿ ಆತನ ಸೋದರಮಾವ ವಿಮೆಯ ಏಜೆಂಟರು. ಮದುವೆಯ ವರ್ಷವೇ ದಂಪತಿಗಳಿಗೆ ಆರೋಗ್ಯ ವಿಮೆ ಮಾಡಿಸಿಕೊಟ್ಟಿದ್ದವರು. ಅವರು ಕಾಗದಗಳನ್ನು ತಿರುವಿ ನೋಡಿ ಪ್ರಾಮಾಣಿಕವಾಗಿಯೇ ಹೇಳಿದರು: “ಇದು ಅಲ್ಲಿಗೆ ನಡ್ಯಾಂಗಿಲ್ಲಪಾ.” ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆಯು ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ವಿಮೆಯಲ್ಲಿ ಭೇದ ಮಾಡಬಾರದೆಂದು ವಿಧಿಸಿತು, 2018ರ ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಅದನ್ನೇ ಆದೇಶಿಸಿತು. ಆದರೆ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದವರ ಖರ್ಚನ್ನು, ಅದೂ ದೇಶದೊಳಗೆ, ಕೊಡುವಂಥವು. ವಾರಕ್ಕೊಮ್ಮೆ ಕುರ್ಚಿಯಲ್ಲಿ ಕುಳಿತು ಮಾತನಾಡಿ ಬರುವವರಿಗೆ ಅವುಗಳಲ್ಲಿ ಸ್ಥಳ ಕಡಿಮೆ.

ದಾರಿ ಇದ್ದದ್ದು ಗಂಡನ ಪಗಾರದ ಚೀಟಿಯಲ್ಲಿಯೇ. 1883ರಲ್ಲಿ ಬಿಸ್ಮಾರ್ಕನ ಕಾಲಕ್ಕೆ ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆ ಕಾನೂನಾಯಿತು. ಈಗಲೂ ದುಡಿಯುವವರ ವೇತನದಲ್ಲಿ ಒಂದು ಪಾಲು ಮುರಿಯುತ್ತದೆ. ಅಷ್ಟೇ ಪಾಲನ್ನು ಮಾಲೀಕನೂ ಕೂಡಿಸುತ್ತಾನೆ. ಸಂಪಾದನೆಯಿಲ್ಲದ ಹೆಂಡತಿಗೆ ಬೇರೆ ಕಂತಿಲ್ಲದೆ ಅದೇ ರಕ್ಷಣೆ. ಒಪ್ಪಂದವುಳ್ಳ ಮನಶ್ಚಿಕಿತ್ಸಕರಿಗೆ ಕಾರ್ಡು ತೋರಿಸಿದರೆ ಸಾಕು, ಹಣವನ್ನು ವಿಮೆಯ ನಿಧಿ ನೇರವಾಗಿ ಸಲ್ಲಿಸುತ್ತದೆ. ಮೊದಲು ಐವತ್ತು ನಿಮಿಷದ ಪರಿಚಯದ ಭೇಟಿ, ಆಮೇಲೆ ಕೆಲವು ಪ್ರಾಯೋಗಿಕ ಭೇಟಿಗಳು, ನಂತರ ಅರ್ಜಿ ಹಾಕಿಕೊಂಡು ಹನ್ನೆರಡು ಭೇಟಿಗಳು. ಬೇಕಾದರೆ ಇನ್ನೂ ಹನ್ನೆರಡು.

ಇದನ್ನೆಲ್ಲ ಗಂಡ ವಿವರಿಸಿದರೂ ಆಕೆ ಒಪ್ಪಲಿಲ್ಲ. “ನಾ ಒಂದು ಪೈಸೆ ಗಳಿಸಾಂಗಿಲ್ಲ. ನಿಮ್ಮ ಪಗಾರಿನ ರೊಕ್ಕ ಹಿಂಗ ಹಾಳ ಮಾಡ್ಲೇನು?” ಅದಕ್ಕಿಂತ ದೊಡ್ಡ ಅಂಜಿಕೆಯನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ: ರೋಗದ ಹೆಸರನ್ನು ಕಾಗದದ ಮೇಲೆ ಬರೆಯುತ್ತಾರೆ. ಬರೆಯುವುದು ನಿಜವೇ, ಹೆಸರಿಲ್ಲದ ಬೇನೆಗೆ ನಿಧಿ ಹಣ ಕೊಡುವುದಿಲ್ಲ. ಗಂಡನ ಮಾಲೀಕನಿಗೆ ಅದು ತಿಳಿಯುವುದಿಲ್ಲ, ಚಿಕಿತ್ಸಕರು ಗುಟ್ಟು ಬಿಟ್ಟುಕೊಟ್ಟರೆ ಶಿಕ್ಷೆಯುಂಟು. ಆದರೆ ಮುಂದೆ ಖಾಸಗಿ ವಿಮೆ ಮಾಡಿಸಹೋದರೆ ಹಿಂದಿನ ಚಿಕಿತ್ಸೆಯ ಪ್ರಶ್ನೆ ಏಳುತ್ತದೆ, ಆಗ ಮುಚ್ಚಿಡಬಾರದು. ಅಂಜಿಕೆ ಪೂರ್ತಿ ಹುಸಿಯೇನೂ ಆಗಿರಲಿಲ್ಲ.

ಸುದ್ದಿ ಹುಕ್ಕೇರಿಯಿಂದ ಗೋಕಾಕಕ್ಕೆ ತಲುಪಲು ಎಷ್ಟು ಹೊತ್ತು! ಆ ರಾತ್ರಿಯೇ ಅತ್ತೆಯ ಫೋನು. ಮಾವನವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಘಟಪ್ರಭೆ ಧುಮ್ಮಿಕ್ಕುವ ಕಡೆ 1887ರಿಂದ ನಡೆದ ಗಿರಣಿ ಅದು. ಅವರ ಪಗಾರದಲ್ಲಿ ಇ.ಎಸ್.ಐ. ಎಂದು ನೂರಕ್ಕೆ ಒಂದೂಮುಕ್ಕಾಲು ರೂಪಾಯಿ ಮುರಿಯುತ್ತಿದ್ದ ಕಾಲವನ್ನು ಅತ್ತೆ ಮರೆತಿರಲಿಲ್ಲ.

“ಯವ್ವಾ, ನನಗ ಎದೀಬ್ಯಾನಿ ಬಂದಾಗ ಆರು ತಿಂಗಳು ಗುಳಿಗಿ ಕೊಟ್ಟಾರ. ನಾನರ ಗಿರಣ್ಯಾಗ ದುಡಿದೀನೇನು? ಅವರು ನೂಲು ತಗೀತಿದ್ರು, ನಾ ಬುತ್ತಿ ಕಟ್ಟತಿದ್ದೆ. ಮುರದ ರೊಕ್ಕ ಇಬ್ಬರದೂ ಹೌದು.”

ಸೊಸೆ ಬಹಳ ಹೊತ್ತು ಸುಮ್ಮನಿದ್ದಳು. “ಆರಾಮ ಇಲ್ರಿ ಅತ್ತಿ” ಎಂದದ್ದು ಅಂದೇ ಮೊದಲು.

ಹಣದ ತೊಡಕು ಬಿಚ್ಚಿದರೂ ಕಾಯುವ ತೊಡಕು ಉಳಿದಿತ್ತು. ಆ ದೇಶದಲ್ಲಿ ವಿಮೆಯ ಒಪ್ಪಂದವುಳ್ಳ ಚಿಕಿತ್ಸಕರಿಗಾಗಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಗಂಡ 116117 ಎಂಬ ಸಂಖ್ಯೆಗೆ ಕರೆಮಾಡಿ ಪರಿಚಯದ ಭೇಟಿಯನ್ನು ಗೊತ್ತುಮಾಡಿಕೊಂಡ. ಇಂಗ್ಲಿಷ್ ಬಲ್ಲ ಒಬ್ಬ ಹಿರಿಯ ಹೆಂಗಸಿನ ಬಳಿ ಸರದಿ ಸಿಕ್ಕುವಷ್ಟರಲ್ಲಿ ಮರಗಳು ಚಿಗುರಿದ್ದವು. ಕನ್ನಡ ಬಲ್ಲವರು ಸಿಕ್ಕಲಿಲ್ಲ. ದುಭಾಷಿಯನ್ನು ಕರೆದೊಯ್ದರೆ ಆ ಖರ್ಚನ್ನು ನಿಧಿ ಕೊಡುವುದಿಲ್ಲ. ಊರಿನಲ್ಲಿದ್ದಿದ್ದರೆ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ದುಃಖ ಹೇಳಿಕೊಳ್ಳಬಹುದಿತ್ತು. 2022ರಿಂದ ಸರಕಾರದ ಟೆಲಿ ಮಾನಸ್ ಆ ಅನುಕೂಲ ಮಾಡಿದೆ.

ಮೊದಲ ದಿನ ಆಕೆ “ಬ್ಯಾಸರ” ಎಂಬ ಮಾತಿಗೆ ಇಂಗ್ಲಿಷ್ ಹುಡುಕಿದಳು. ದಣಿವು ಎಂದಳು, ಅಲ್ಲ. ದುಃಖ ಎಂದಳು, ಅದೂ ಅಲ್ಲ. ಆ ಹಿರಿಯಳು ಪೆನ್ನು ಕೆಳಗಿಟ್ಟು, ನಿಮ್ಮ ಮಾತಿನಲ್ಲೇ ಇನ್ನೊಮ್ಮೆ ಹೇಳಿ ಎಂದಳು. ಹೇಳಿದಳು. ಹೇಳುತ್ತಲೇ ಅಳು ಬಂದಿತು. ಐವತ್ತು ನಿಮಿಷದಲ್ಲಿ ಅರ್ಧ ಅದಕ್ಕೇ ಹೋಯಿತು.

ರವಿವಾರ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ರೊಕ್ಕ ಎಷ್ಟು ಕೊಟ್ಟಿ ಯವ್ವಾ?”

“ಏನೂ ಇಲ್ರಿ ಅತ್ತಿ. ಕಾರ್ಡ ತೋರಿಸಿದೆ.”

“ಹಂಗಾರ ಮುಂದಿನ ವಾರನೂ ಹೋಗು. ಕರದಂಟು ಮುಗಿದಿತ್ತಂದ್ರ ಹೇಳು, ಮತ್ತ ಕಳಸ್ತೀನಿ.”

ಮುಗಿದಿಲ್ಲವೆಂದು ಸೊಸೆ ನಿಜವನ್ನೇ ಹೇಳಿದಳು.